ರಿಜಿಸ್ಟರಿನ ಕೊನೆಯ ಬಯಾಪ್ಸಿ ನಂಬರು: ನನ್ನ ಎಂ.ಡಿ. ಪೆಥಾಲಜಿಯ ಅನುಭವ

ಅಂಗಾಂಶ, ರಕ್ತಗಳನ್ನು ಪರೀಕ್ಷಿಸಿ ರೋಗ ಗುರುತಿಸುವ ಸ್ನಾತಕೋತ್ತರ ಕೋರ್ಸಾದ ಎಂ.ಡಿ. ಪೆಥಾಲಜಿಯನ್ನು ನಾನು ಆಸೆಪಟ್ಟು ಆರಿಸಿಕೊಂಡೆ ಎಂದರೆ ಸುಳ್ಳಾಗುತ್ತದೆ. 2018ರ ನೀಟ್-ಪಿಜಿ ಎಂಬ ಸ್ನಾತಕೋತ್ತರ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಬಂದ ರ‍್ಯಾಂಕಿಗೆ ಜನರಲ್ ಮೆಡಿಸಿನ್ ಸಿಗುವಂತಿರಲಿಲ್ಲ, ಇನ್ನೊಂದು ವರ್ಷ ಕೂತು ಓದುವ ಚೈತನ್ಯವೂ ಉಳಿದಿರಲಿಲ್ಲ. ಅರಸೀಕೆರೆಯ ಮನೆಯಲ್ಲಿ ಅಜ್ಜಿ, "ಹಂಗಾದ್ರೆ ನೀನು ಸೂಜಿ ಚುಚ್ಚೋದೇ ಇಲ್ವೇನವ್ವಾ?" ಎಂದು ಬೇಸರದಿಂದ ಕೇಳಿದ್ದರು. ಎಫ್‌ಎನ್‌ಎಸಿ (ತೆಳು ಸೂಜಿಯಿಂದ ಜೀವಕೋಶ ಹೀರಿ ತೆಗೆಯುವ ಪರೀಕ್ಷೆ) ಮಾಡುವಾಗ ಗಂಟಿಗೆ ಸೂಜಿ ಚುಚ್ಚುವವರು ನಾವೇ ಎಂದು ಅವರಿಗೆ ವಿವರಿಸುವಷ್ಟು ಧೈರ್ಯ ಆಗ ನನಗೂ ಇರಲಿಲ್ಲ.

ಒಂದು ಕೆಲಸವನ್ನು ಮಾತ್ರ ಸರಿಯಾಗಿ ಮಾಡಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ಎಂಟ್ರಿ ಮಾಡುವ ಮೊದಲು, ನನ್ನ ಪಟ್ಟಿಯಲ್ಲಿದ್ದ ನಾಲ್ಕು ಕಾಲೇಜುಗಳಿಗೆ ಹೋಗಿ, ವಿಭಾಗದ ಮುಖ್ಯಸ್ಥರನ್ನಲ್ಲ, ಅಂಗಾಂಶ ಪರೀಕ್ಷೆ ನಡೆಯುವ ಹಿಸ್ಟೊಪೆಥಾಲಜಿಯ ಟೆಕ್ನಿಷಿಯನ್ನರನ್ನು ಮಾತಾಡಿಸಿ, ಹಿಂದಿನ ಡಿಸೆಂಬರ್ 31ರಂದು ರಿಜಿಸ್ಟರಿನಲ್ಲಿದ್ದ ಕೊನೆಯ ಬಯಾಪ್ಸಿ ನಂಬರು ಎಷ್ಟೆಂದು ಕೇಳಿದೆ. ಪರೀಕ್ಷೆಗೆ ಬರುವ ಪ್ರತಿ ಕೇಸಿಗೂ ಒಂದು ನಂಬರು ಬೀಳುವುದರಿಂದ, ಆ ವರ್ಷ ಎಷ್ಟು ಕೇಸು ಬಂದವೆಂದು ಅದು ಹೇಳುತ್ತದೆ. ಕಟ್ಟಡ ಅತ್ಯಂತ ಚೆಂದವಿದ್ದ ಕಾಲೇಜಿನಲ್ಲಿ ಆ ನಂಬರು ಎಲ್ಲಕ್ಕಿಂತ ಚಿಕ್ಕದಾಗಿತ್ತು. ಅದನ್ನು ಪಟ್ಟಿಯ ಕೊನೆಗೆ ತಳ್ಳಿ, ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಹೆಚ್ಚಾಗಿ ನಡೆಯುವ, ಹಾಸ್ಟೆಲ್ ಸೋರುವ ಕಾಲೇಜನ್ನು ಮೇಲೆ ಹಾಕಿದೆ. ಈಗ ಯಾರಾದರೂ ಸಲಹೆ ಕೇಳಿದರೆ ಮೊದಲು ಹೇಳುವುದೂ ಇದನ್ನೇ, ಏಕೆಂದರೆ ಸ್ಪೆಸಿಮೆನ್ (ಪರೀಕ್ಷೆಗೆ ಕಳಿಸಿದ ಅಂಗ ಅಥವಾ ತುಣುಕು) ಬಾರದ ವಿಭಾಗದಲ್ಲಿ ಪಾಠ ಎಷ್ಟೇ ಚೆನ್ನಾಗಿ ನಡೆದರೂ ಕಣ್ಣು ಪಳಗುವುದಿಲ್ಲ.

ಹೊರಗಿನವರಿಗೆ ಪೆಥಾಲಜಿ ಎಂದರೆ ಮೈಕ್ರೊಸ್ಕೋಪು. ಮೊದಲ ವರ್ಷ ನಾನು ಕಳೆದದ್ದು ಹೆಚ್ಚಾಗಿ ಸ್ಪೆಸಿಮೆನ್ನನ್ನು ಬರಿಗಣ್ಣಿನಿಂದ ನೋಡಿ ಕತ್ತರಿಸುವ ಗ್ರಾಸಿಂಗ್ ಟೇಬಲ್ಲಿನ ಮುಂದೆ, ಕಣ್ಣು ಉರಿಸುವ ಫಾರ್ಮಲಿನ್ ವಾಸನೆಯ ನಡುವೆ. ಒಮ್ಮೆ ದೊಡ್ಡಕರುಳಿನ ಕ್ಯಾನ್ಸರಿನ ಸ್ಪೆಸಿಮೆನ್ ಬಂದಿತ್ತು. ಕರುಳನ್ನು ಸೀಳಿ, ಗಡ್ಡೆಯ ಅಳತೆ ಬರೆದುಕೊಂಡು, ಎರಡು ತುದಿಗಳಿಂದ ತುಣುಕು ತೆಗೆದು, ಸುತ್ತಲಿನ ಕೊಬ್ಬಿನಲ್ಲಿ ಲಿಂಫ್ ನೋಡ್ (ಕ್ಯಾನ್ಸರ್ ಹರಡಬಹುದಾದ ದುಗ್ಧಗ್ರಂಥಿ) ಹುಡುಕಿದೆ, ಏಳು ಸಿಕ್ಕವು. ಅಷ್ಟಕ್ಕೇ ಮುಗಿಸಿ ತುಣುಕುಗಳಿದ್ದ ಕ್ಯಾಸೆಟ್‌ಗಳನ್ನು ಪ್ರೊಸೆಸಿಂಗ್‌ಗೆ ಹಾಕಿದೆ. ಕರುಳಿನ ಕ್ಯಾನ್ಸರಿನಲ್ಲಿ ಕನಿಷ್ಠ 12 ನೋಡ್‌ಗಳನ್ನಾದರೂ ನೋಡಬೇಕು. ಅದಕ್ಕಿಂತ ಕಡಿಮೆಯಾದರೆ, ಸಿಕ್ಕ ನೋಡ್‌ಗಳಲ್ಲಿ ಕ್ಯಾನ್ಸರ್ ಇಲ್ಲದಿದ್ದರೂ, ಕೀಮೊಥೆರಪಿ ಕೊಡಬೇಕೇ ಬೇಡವೇ ಎಂಬ ತೀರ್ಮಾನವೇ ತೂಗಾಡುತ್ತದೆ. ಮರುದಿನ ನಮ್ಮ ಪ್ರೊಫೆಸರ್ ಬೈಯಲಿಲ್ಲ. ಬಕೆಟ್ಟಿನಿಂದ ಅದೇ ಕೊಬ್ಬನ್ನು ತೆಗೆಸಿ, ಚಾಕು ಬದಿಗಿಟ್ಟು, ಅಕ್ಕಿಯಲ್ಲಿ ಕಲ್ಲು ಹುಡುಕುವವರಂತೆ ಬೆರಳ ತುದಿಯಿಂದ ಒತ್ತುತ್ತಾ ಹೋದರು. ಗೋಧಿಕಾಳಿನಷ್ಟು ಚಿಕ್ಕ ಒಂಬತ್ತು ನೋಡ್‌ಗಳು ಒಂದೊಂದಾಗಿ ಹೊರಬಂದವು. ಎರಡು ದಿನದ ಬಳಿಕ ನೋಡಿದ ಸ್ಲೈಡುಗಳಲ್ಲಿ, ಆ ಒಂಬತ್ತರಲ್ಲಿ ಒಂದಕ್ಕೆ ಕ್ಯಾನ್ಸರ್ ಹರಡಿತ್ತು. ನಾನು ಕಳಿಸಬಹುದಾಗಿದ್ದ ವರದಿಯಲ್ಲಿ ಆ ರೋಗಿ ಎರಡನೆಯ ಹಂತದಲ್ಲಿರುತ್ತಿದ್ದರು. ನೋಡ್ ಒಂದಕ್ಕೆ ಹರಡಿದ್ದರಿಂದ ನಿಜವಾಗಿ ಮೂರನೆಯ ಹಂತದಲ್ಲಿದ್ದರು.

ಉಳಿದ ಎರಡು ವರ್ಷ ಡಿಸರ್ಟೇಷನ್, ಸೆಮಿನಾರು, ರಕ್ತನಿಧಿಯ ಪೋಸ್ಟಿಂಗ್, ಕೊನೆಗೆ ನಾಲ್ಕು ಥಿಯರಿ ಪೇಪರುಗಳು ಮತ್ತು ಪ್ರಾಕ್ಟಿಕಲ್ಲು ಎಂದು ಹೇಗೋ ಕಳೆದುಹೋದವು. ಅದರಲ್ಲಿ ಮರೆಯಲಾಗದ್ದು ಫ್ರೋಜನ್ ಸೆಕ್ಷನ್. ಆಪರೇಷನ್ ಥಿಯೇಟರಿನಲ್ಲಿ ರೋಗಿ ಮಲಗಿರುವಾಗಲೇ ತುಣುಕನ್ನು ಹೆಪ್ಪುಗಟ್ಟಿಸಿ, ಕತ್ತರಿಸಿ, ಬಣ್ಣ ಹಾಕಿ, ಸುಮಾರು 20 ನಿಮಿಷಗಳಲ್ಲಿ ಸರ್ಜನ್‌ಗೆ ಉತ್ತರ ಹೇಳಬೇಕು. ರೋಗಿಯ ಮುಖ ನೋಡದ ಡಾಕ್ಟರು ಎಂದು ನಮ್ಮನ್ನು ಹಂಗಿಸುವವರನ್ನು ಒಂದು ದಿನ ಫ್ರೋಜನ್ ಸೆಕ್ಷನ್ ಮಾಡುವ ಕೋಣೆಯಲ್ಲಿ ನಿಲ್ಲಿಸಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಕೆಲಸದ ವಿಚಾರಕ್ಕೆ ಬಂದರೆ, ಪೆಥಾಲಜಿಸ್ಟ್ ಖಾಲಿ ಕೂರುವುದು ಕಡಿಮೆ, ಆದರೆ ಬೇಗ ಹಣ ಕಾಣುವುದೂ ಕಡಿಮೆ. ಮೆಡಿಕಲ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಸಾಮಾನ್ಯವಾಗಿ ಎಂ.ಡಿ. ನಂತರ ಒಂದು ವರ್ಷದ ಸೀನಿಯರ್ ರೆಸಿಡೆನ್ಸಿ (ಹಿರಿಯ ನಿವಾಸಿ ವೈದ್ಯರ ಕೆಲಸ) ಬೇಕು. ಕಾಲೇಜುಗಳು ಹೆಚ್ಚುತ್ತಿರುವುದರಿಂದ ಆ ದಾರಿ ತೆರೆದಿದೆ. ಓದು ಮುಂದುವರಿಸುವವರಿಗೆ ಚಂಡೀಗಡದ ಪಿಜಿಐನಂಥ ಕಡೆ ರಕ್ತರೋಗಗಳ ಹೆಮಟೊಪೆಥಾಲಜಿಯಲ್ಲಿ ಡಿ.ಎಂ. ಎಂಬ ಉನ್ನತ ಪದವಿ ಇದೆ. ನಾನು ಆಂಕೊಪೆಥಾಲಜಿಯಲ್ಲಿ (ಕ್ಯಾನ್ಸರ್ ಪೆಥಾಲಜಿ) ಒಂದು ವರ್ಷದ ಫೆಲೋಶಿಪ್ ಮಾಡಿದೆ, ಆಸ್ಪತ್ರೆಯ ಕೆಲಸ ಸಿಗಲು ಅದೇ ನೆರವಾಯಿತು. ಸ್ವಂತ ಲ್ಯಾಬ್ ತೆರೆಯುವ ಆಸೆಯನ್ನು ಲೆಕ್ಕ ಹಾಕಿ ಕೈಬಿಟ್ಟೆ. ಬೀದಿಗೊಂದು ಸ್ಯಾಂಪಲ್ ಸಂಗ್ರಹ ಕೇಂದ್ರ ಇಟ್ಟಿರುವ ದೊಡ್ಡ ಕಂಪನಿಗಳ ದರಕ್ಕೆ ತಾಲ್ಲೂಕು ಊರಿನ ಒಬ್ಬಂಟಿ ಲ್ಯಾಬ್ ಇಳಿಯುವುದು ಕಷ್ಟ.

ಇನ್ನೊಂದು ಬಗೆಯ ಸಂಪಾದನೆಯೂ ಇದೆ. ಲ್ಯಾಬ್ ವರದಿಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರೇ ಸಹಿ ಮಾಡಬೇಕೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ನಮ್ಮ ಸಹಿಗೆ ಬೆಲೆ ಬಂತು. ಪಾಸಾದ ಮೂರನೇ ತಿಂಗಳಲ್ಲೇ ಒಂದು ಲ್ಯಾಬಿನವರು ಫೋನ್ ಮಾಡಿ, "ಮೇಡಂ, ನೀವು ಬರೋದೇ ಬೇಡ, ಸಹಿ ಸ್ಕ್ಯಾನ್ ಮಾಡಿ ಕಳ್ಸಿ ಸಾಕು, ತಿಂಗಳಾತಿಂಗಳಾ ಅಕೌಂಟಿಗೆ ಹಾಕ್ತೀವಿ" ಎಂದರು. ಮನೆ ಬಾಡಿಗೆ ಕಟ್ಟಲು ಒದ್ದಾಡುತ್ತಿದ್ದ ದಿನಗಳವು. ಇಲ್ಲ ಎನ್ನಲು ನಾನು ಎರಡು ದಿನ ತೆಗೆದುಕೊಂಡೆ.