ಕೈತೋಟದಲ್ಲಿ ವರ್ಷವಿಡೀ ತರಕಾರಿ ಬೆಳೆಯುವ ಕ್ರಮ

ಕೈತೋಟದಿಂದ ವರ್ಷವಿಡೀ ತರಕಾರಿ ಸಿಗಬೇಕೆಂದು ಬಯಸುವವರು ಗೊಬ್ಬರ ಮತ್ತು ನೀರಿನ ಬಗ್ಗೆ ಬಹಳ ವಿಚಾರಿಸುತ್ತಾರೆ; ದಿನಗಳ ಲೆಕ್ಕ ಹಾಕುವವರು ಕಡಿಮೆ. ಎಲ್ಲ ಪಾತಿಗಳಲ್ಲೂ ಒಂದೇ ದಿನ ಬಿತ್ತಿದರೆ ತಿಂದು ಮುಗಿಸಲಾಗದಷ್ಟು ಫಸಲು ಒಮ್ಮೆಗೇ ಬರುತ್ತದೆ, ಅನಂತರ ತಿಂಗಳುಗಟ್ಟಲೆ ಮಣ್ಣು ಬರಿದಾಗಿ ಬಿದ್ದಿರುತ್ತದೆ.

ಮೊದಲು ನೀವು ಬೆಳೆಯಬೇಕೆಂದಿರುವ ತರಕಾರಿಗಳನ್ನು ತಂಪು ಬಯಸುವವು, ಬಿಸಿ ಬಯಸುವವು ಎಂದು ಎರಡು ಪಟ್ಟಿಗಳಾಗಿ ಬರೆದುಕೊಳ್ಳಿ. ಬಟಾಣಿ, ಕೋಸು, ಹೂಕೋಸು, ಮೂಲಂಗಿ, ಕ್ಯಾರೆಟ್, ಪಾಲಕ್ ಮತ್ತು ಲೆಟ್ಯೂಸ್ ಮೊದಲನೆಯ ಪಟ್ಟಿಗೆ ಸೇರುತ್ತವೆ. ಟೊಮೆಟೊ, ಬದನೆ, ಬೆಂಡೆ, ಸೌತೆ, ಕುಂಬಳ ಮತ್ತು ಹುರುಳಿಕಾಯಿ ಎರಡನೆಯದಕ್ಕೆ. ಈ ವಿಂಗಡಣೆಯನ್ನು ಮೀರಿ ಬೆಳೆಯಲು ಹೊರಟರೆ ಶ್ರಮ ವ್ಯರ್ಥ. ಮಣ್ಣು ತೀರ ಬಿಸಿಯಾಗಿದ್ದಾಗ ಲೆಟ್ಯೂಸ್ ಬೀಜ ಮೊಳೆಯುವುದೇ ಇಲ್ಲ, ಮೊಳೆತರೂ ಗಿಡ ಬೇಗ ಹೂದಂಟು ಬಿಟ್ಟು ಎಲೆ ಕಹಿಯಾಗುತ್ತದೆ. ರಾತ್ರಿಯ ಉಷ್ಣತೆ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಅಥವಾ ಹಗಲಿನ ಉಷ್ಣತೆ 35 ಡಿಗ್ರಿ ದಾಟಿದಾಗ ಟೊಮೆಟೊ ಹೂಗಳು ಕಾಯಿ ಕಚ್ಚದೆ ಉದುರುತ್ತವೆ.

ಬಿತ್ತನೆಯ ದಿನವನ್ನು ಕೊಯ್ಲಿನಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಬೇಕು. ಹೂಕೋಸಿನ ಸಸಿ ಸಿದ್ಧವಾಗಲು ನಾಲ್ಕರಿಂದ ಆರು ವಾರ ಬೇಕು, ನಾಟಿಯಾದ ಮೇಲೆ ತಳಿಗನುಗುಣವಾಗಿ ಎರಡು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಆದ್ದರಿಂದ ತಂಪಿನ ಕಾಲದಲ್ಲಿ ಕೊಯ್ಯಬೇಕಾದ ಹೂಕೋಸಿನ ಬೀಜವನ್ನು ಇನ್ನೂ ಸೆಕೆಯಿರುವಾಗಲೇ ನೆರಳಿನ ಸಸಿಮಡಿಯಲ್ಲಿ ಹಾಕಿರಬೇಕು. ನಾಟಿ ಮಾಡುವ ತರಕಾರಿಗಳಲ್ಲಿ ಬೀಜದ ಪೊಟ್ಟಣದ ಮೇಲಿನ ದಿನಗಳು ಸಾಮಾನ್ಯವಾಗಿ ನಾಟಿಯ ದಿನದಿಂದ ಎಣಿಸಿದವು ಎಂಬುದನ್ನು ಹೊಸಬರು ಗಮನಿಸುವುದಿಲ್ಲ. ಹಗಲು ಕುಗ್ಗುತ್ತಿರುವ ಕಾಲದಲ್ಲಿ ಆ ಲೆಕ್ಕಕ್ಕೆ ಇನ್ನೆರಡು ವಾರ ಸೇರಿಸಿಕೊಳ್ಳಿ. ಹಗಲು ಹತ್ತು ಗಂಟೆಗಿಂತ ಕಡಿಮೆಯಾಗುವ ಪ್ರದೇಶಗಳಲ್ಲಿ ಬೆಳವಣಿಗೆ ಬಹುತೇಕ ನಿಲ್ಲುವುದರಿಂದ ಬೆಳೆ ಅದಕ್ಕೆ ಮೊದಲೇ ಬಲಿತಿರಬೇಕು. ಚಳಿ ತಡೆಯುವ ಕ್ಯಾರೆಟ್ಟನ್ನು ಅನಂತರ ದಪ್ಪ ಹೊದಿಕೆಯಡಿ ನೆಲದಲ್ಲೇ ಉಳಿಸಿ ಬೇಕಾದಷ್ಟೇ ಕೀಳಬಹುದು. ಸಮಭಾಜಕ ವೃತ್ತಕ್ಕೆ ಹತ್ತಿರವಿರುವವರಿಗೆ ಈ ಚಿಂತೆಯಿಲ್ಲ, ಅಲ್ಲಿ ಕಾಡುವುದು ಬಿರುಬಿಸಿಲು ಮತ್ತು ಜಡಿಮಳೆ. ಬಿಸಿಲಿಗೆ ನೆರಳುಬಲೆ ಕಟ್ಟಬೇಕು, ಮಳೆಗೆ ಪಾತಿಯನ್ನು 15ರಿಂದ 20 ಸೆಂಟಿಮೀಟರ್ ಏರಿಸಬೇಕು.

ಬೇಗ ಬರುವ ಬೆಳೆಗಳನ್ನು ಸ್ವಲ್ಪಸ್ವಲ್ಪವೇ ಬಿತ್ತುವುದು ಒಳ್ಳೆಯದು. ಸಣ್ಣ ಮೂಲಂಗಿ ಸುಮಾರು ನಾಲ್ಕು ವಾರಗಳಲ್ಲಿ ಕೀಳಲು ಬರುವುದರಿಂದ ಹತ್ತು ಹದಿನೈದು ದಿನಗಳಿಗೊಮ್ಮೆ ಒಂದೊಂದು ಸಾಲು ಸಾಕು. ಕೊತ್ತಂಬರಿಗೂ ಇದೇ ಕ್ರಮ ಹೊಂದುತ್ತದೆ. ತಡವಾಗಿ ಹರಡುವ ಕೋಸಿನ ಸಸಿಗಳ ನಡುವಿನ ಜಾಗದಲ್ಲಿ ಮೂಲಂಗಿ ಬಿತ್ತಿದರೆ ಕೋಸು ಅಗಲವಾಗುವ ಹೊತ್ತಿಗೆ ಅದರ ಕೊಯ್ಲು ಮುಗಿದಿರುತ್ತದೆ. ಒಂದು ಪಾತಿ ತೆರವಾಗುವ ದಿನಕ್ಕೆ ಮುಂದಿನ ಬೆಳೆಯ ಸಸಿಗಳು ಸಿದ್ಧವಿದ್ದರೆ ತಿಂಗಳೊಂದು ಉಳಿಯುತ್ತದೆ, ಹಾಗಾಗಿ ಜಾಗ ಎಷ್ಟೇ ಕಡಿಮೆಯಿದ್ದರೂ ಸಸಿಮಡಿಯನ್ನು ಬಿಡಬಾರದೆಂಬುದು ನನ್ನ ಅಭಿಪ್ರಾಯ.

ಬಿಡುವಿಲ್ಲದೆ ದುಡಿಯುವ ಮಣ್ಣಿಗೆ ಪ್ರತಿ ಬೆಳೆಯ ನಂತರ ಎರಡು ಮೂರು ಸೆಂಟಿಮೀಟರ್ ದಪ್ಪ ಕಳಿತ ಕಾಂಪೋಸ್ಟ್ ಹಾಕಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬದವು. ಇವುಗಳಲ್ಲಿ ಒಂದನ್ನು ಬೆಳೆದ ಪಾತಿಯಲ್ಲಿ ಸಾಧ್ಯವಾದರೆ ಮೂರು ವರ್ಷ ಮತ್ತೊಂದನ್ನು ಹಾಕಬೇಡಿ, ಏಕೆಂದರೆ ಸೊರಗು ರೋಗದಂಥವು ಮಣ್ಣಿನಲ್ಲೇ ಉಳಿದಿರುತ್ತವೆ. ಒಂದೆರಡೇ ಪಾತಿಯಿರುವವರಿಗೆ ಈ ನಿಯಮ ಪಾಲಿಸುವುದು ಕಷ್ಟ. ಅವರು ರೋಗ ತಗುಲಿದ ಗಿಡವನ್ನು ಬೇರುಸಹಿತ ಕಿತ್ತು ತೋಟದಿಂದ ಹೊರಹಾಕುವುದನ್ನಾದರೂ ತಪ್ಪಿಸಬಾರದು.

ಮಿಕ್ಕ ಬೀಜಗಳನ್ನು ತೇವ ತಾಗದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ. ಟೊಮೆಟೊ ಬೀಜ ಹಲವು ವರ್ಷ ಚೆನ್ನಾಗಿರುತ್ತದೆ, ಈರುಳ್ಳಿ ಬೀಜ ಒಂದೆರಡು ವರ್ಷಗಳಲ್ಲೇ ಕಸುವು ಕಳೆದುಕೊಳ್ಳುತ್ತದೆ. ಹಳೆಯ ಬೀಜವನ್ನು ಬಿತ್ತುವ ಮೊದಲು ಹತ್ತನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಐದಕ್ಕಿಂತ ಕಡಿಮೆ ಮೊಳೆತರೆ ಹೊಸ ಬೀಜ ತರಿಸಿಕೊಳ್ಳಿ.