ಜಾಯಿಂಟ್ ಕಟ್ಟಾದ ಜೀಪು ಮನೆ ಸೇರುವುದು ಹೇಗೆ?

ಸಕಲೇಶಪುರದಾಚೆಯ ಒಂದು ಏಲಕ್ಕಿ ತೋಟದ ದಾರಿ. ಮಳೆ ಬಿಟ್ಟು ವಾರವಾಗಿದ್ದರೂ ಕೆಮ್ಮಣ್ಣು ಇನ್ನೂ ಜಾರುತ್ತಿತ್ತು. ಏರಿನ ತಿರುವಿನಲ್ಲಿ ಗೆಳೆಯನ ಹಳೇ ಜೀಪಿನಡಿ 'ಟಣ್' ಎಂದಿತು. ಆಮೇಲೆ ಎಂಜಿನ್ ಎಷ್ಟು ಕೂಗಿದರೂ ಗಾಡಿ ಅಲ್ಲಾಡಲಿಲ್ಲ. ನಾವು ಫೋನ್ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಿದ್ದಾಗ ತೋಟದ ಡ್ರೈವರೊಬ್ಬರು ಬಂದು, ಬಗ್ಗಿ ನೋಡಿ, "ಹಿಂದಿನ ಜಾಯಿಂಟ್ ಹೋಗಿದೆ ಸಾರ್. ಬಿಚ್ಚಿ ಒಳಗಿಡಿ. ಮುಂದೆ ಎರಡು ಚಕ್ರ ಇದಾವಲ್ಲ, ಅದರಲ್ಲೇ ಹೋಗಿ" ಎಂದರು. ಮುಕ್ಕಾಲು ಗಂಟೆಯಲ್ಲಿ ಡಾಂಬರು ರಸ್ತೆಯಲ್ಲಿದ್ದೆವು.

ಥಾರ್, ಜಿಮ್ನಿ, ಜಿಪ್ಸಿ, ಹಳೇ ಜೀಪು ಯಾವುದೇ ಇರಲಿ, ಗೇರ್‌ಬಾಕ್ಸಿನ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ಹಿಂದಕ್ಕೊಂದು, ಮುಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲಿಗೆ ಬಲ ಒಯ್ಯುವ ಉದ್ದನೆಯ ದಂಡ) ಹೋಗುತ್ತದೆ. ಒಂದು ಮುರಿದರೆ ಅದನ್ನು ಕಳಚಿಟ್ಟು ಇನ್ನೊಂದರ ಬಲದಲ್ಲಿ ಬರಬಹುದು. ಕಾಡಿನಲ್ಲಿ ಕೂತು ರಿಪೇರಿ ಮಾಡುವ ಹಟ ಬೇಡ.

ಮೊದಲು ಚಕ್ರಕ್ಕೆ ಕಲ್ಲು

ಉಳಿದಿದ್ದೆಲ್ಲ ಆಮೇಲೆ. ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿದರೆ ಸಾಕು ಎಂಬ ಅಭ್ಯಾಸ ಇಲ್ಲಿ ಜೀವಕ್ಕೇ ಎರವಾದೀತು. ಗೇರಿನ ಹಿಡಿತ ಚಕ್ರಕ್ಕೆ ತಲುಪುವುದು ಅದೇ ಶಾಫ್ಟಿನ ಮೂಲಕ. ಅದು ತುಂಡಾಗಿದ್ದರೆ ಹಿಡಿತವೂ ಇಲ್ಲ. ವಿಲ್ಲೀಸ್ ಮಾದರಿಯ ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ಮು ಕೂಡ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಬೆನ್ನಿಗಿದೆ. ಹಿಂದಿನ ಶಾಫ್ಟ್ ಹೋದ ಮೇಲೆ ಆ ಲಿವರ್ ಎಳೆದರೂ ಹಿಂದಿನ ಚಕ್ರ ನಿಲ್ಲುವುದಿಲ್ಲ. ಇಳಿಜಾರಿನ ಕಡೆಗೆ ಎರಡು ಚಕ್ರಗಳಿಗಾದರೂ ದೊಡ್ಡ ಕಲ್ಲು ಕೊಡಿ. ಅಡಿಗೆ ತೂರುವುದು ಆಮೇಲೆ, ಅದೂ ಎಂಜಿನ್ ಆರಿಸಿ, ಕೀ ಜೇಬಿನಲ್ಲಿಟ್ಟುಕೊಂಡು.

ಮುರಿದದ್ದು ಯಾವುದು?

ಶಾಫ್ಟ್ ನೇತಾಡುತ್ತಿದ್ದರೆ ಪ್ರಶ್ನೆಯೇ ಇಲ್ಲ, ಅದರ ತುದಿಯನ್ನು ಹಿಡಿದಿರುವ ಕ್ರಾಸ್ ಜಾಯಿಂಟ್ ಹೋಗಿದೆ. ನೇತಾಡದಿದ್ದರೆ ಒಬ್ಬರು ಟೂ ವೀಲಿನಲ್ಲಿ (ಹಿಂದಿನ ಚಕ್ರಗಳಿಗೆ ಮಾತ್ರ ಬಲ) ಮೊದಲ ಗೇರ್ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡಲಿ, ಇನ್ನೊಬ್ಬರು ದೂರದಲ್ಲಿ ಬದಿಗೆ ನಿಂತು ನೋಡಲಿ. ಶಾಫ್ಟ್ ತಿರುಗುತ್ತಿದ್ದು ಗಾಡಿ ಮಾತ್ರ ನಿಂತಿದ್ದರೆ ತೊಂದರೆ ಹಿಂದಿನ ಆಕ್ಸಲಿನ ಹೌಸಿಂಗಿನೊಳಗೆ: ಚಕ್ರಕ್ಕೆ ಹೋಗುವ ಹಾಫ್ ಶಾಫ್ಟ್ ಇಲ್ಲವೇ ಅದನ್ನು ತಿರುಗಿಸುವ ಹಲ್ಲುಚಕ್ರಗಳ ಜೋಡಿ, ಅಂದರೆ ಕ್ರೌನ್ ಪಿನಿಯನ್. ಶಾಫ್ಟೇ ತಿರುಗದಿದ್ದರೆ ಕ್ಲಚ್, ಗೇರ್‌ಬಾಕ್ಸ್ ಅಥವಾ ಟ್ರಾನ್ಸ್‌ಫರ್ ಕೇಸ್. ಅದಕ್ಕೆ ಕಾಡಿನಲ್ಲಿ ಮದ್ದಿಲ್ಲ, ಎಳೆಸಿಯೇ ತರಬೇಕು. ಜಿಪ್ಸಿಯಲ್ಲಿ ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವೆ ಮೂರನೆಯದೊಂದು ಕುಳ್ಳ ಶಾಫ್ಟ್ ಇದೆ. ಅದು ಹೋದರೆ ನಾಲ್ಕೂ ಚಕ್ರ ಸತ್ತಂತೆ.

ಶಾಫ್ಟ್ ಬಿಚ್ಚುವುದು

ಎರಡೂ ತುದಿಯಲ್ಲಿ ಸಾಮಾನ್ಯವಾಗಿ ನಾಲ್ಕು ನಾಲ್ಕು ಬೋಲ್ಟು. ಬಿಚ್ಚುವ ಮುನ್ನ ಬೋಲ್ಟು ಕೂತಿರುವ ಎರಡು ಫ್ಲ್ಯಾಂಜುಗಳ (ಚಪ್ಪಟೆ ಬಿಲ್ಲೆಗಳ) ಮೇಲೂ ಹಾದುಹೋಗುವಂತೆ ಸ್ಕ್ರೂ ಡ್ರೈವರಿನಲ್ಲಿ ಒಂದು ಗೀರು ಎಳೆಯಿರಿ. ವಾಪಸ್ ಕೂರಿಸುವಾಗ ಗೀರಿಗೆ ಗೀರು ಸೇರಿದರೆ ಗಾಡಿ ನಡುಗುವುದಿಲ್ಲ. ಬೋಲ್ಟು ಬಿಗಿದುಕೊಂಡು ಬರದಿದ್ದರೆ ಗಾಡಿಯನ್ನು ಕೈಯಲ್ಲಿ ಒಂದಿಷ್ಟು ಹಿಂದೆ ಮುಂದೆ ತೂಗಿ, ತಿರುಚಿಕೊಂಡ ಬಿಗಿ ಸಡಿಲವಾಗುತ್ತದೆ. ಶಾಫ್ಟಿನ ಭಾರ ಎದೆಯ ಮೇಲೆ ಬೀಳದಂತೆ ಮೊದಲೇ ಹಗ್ಗದಲ್ಲಿ ಕಟ್ಟಿ. ನಟ್ಟು ಬೋಲ್ಟುಗಳನ್ನು ಕಾಲುಚೀಲದೊಳಗೆ ಹಾಕಿ ಗಂಟು ಕಟ್ಟಿ. ಕೆಸರಿನಲ್ಲಿ ಬಿದ್ದ ಬೋಲ್ಟು ಸಿಕ್ಕಿದ್ದನ್ನು ನಾನಂತೂ ನೋಡಿಲ್ಲ.

ಕೆಲವು ಗಾಡಿಗಳಲ್ಲಿ ಶಾಫ್ಟಿನ ತುದಿ ಟ್ರಾನ್ಸ್‌ಫರ್ ಕೇಸಿನೊಳಕ್ಕೇ ತೂರಿಕೊಂಡಿರುತ್ತದೆ. ಅದನ್ನು ಎಳೆದರೆ ಆಯಿಲ್ ಸುರಿಯುತ್ತದೆ. ಆ ತೂತಿಗೆ ದಪ್ಪ ಪ್ಲಾಸ್ಟಿಕ್ ಸುತ್ತಿ, ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಬೇಕು.

ಮುರಿದದ್ದು ಮುಂದಿನದಾದರೆ ಕೆಲಸ ಹಗುರ. ಮುಂದಿನ ಚಕ್ರವನ್ನು ಆಕ್ಸಲಿನಿಂದ ಬಿಡಿಸುವ ಫ್ರೀ ವೀಲಿಂಗ್ ಹಬ್ ಇದ್ದರೆ ಎರಡನ್ನೂ 'ಫ್ರೀ'ಗೆ ತಿರುಗಿಸಿ, ಟೂ ವೀಲಿನಲ್ಲಿ ಬನ್ನಿ. ಹೊಸ ಗಾಡಿಗಳ ಮುಂದಿನ ಆಕ್ಸಲಿನಲ್ಲಿ ಚಕ್ರ ಓರೆಯಾದಾಗಲೂ ಬಲ ದಾಟಿಸುವ ಸಿವಿ ಜಾಯಿಂಟ್ ಒಡೆದರೆ ಒಂದು ಎಚ್ಚರ: ಹಬ್ಬಿನೊಳಗಿನ ಹೊರತುದಿಯನ್ನು ಕಿತ್ತು ಹಾಕಬೇಡಿ. ಅನೇಕ ಗಾಡಿಗಳಲ್ಲಿ ಚಕ್ರದ ಬೇರಿಂಗನ್ನು ಹಿಡಿದಿರುವುದೇ ಆ ತುಂಡು ಮತ್ತು ಅದರ ನಟ್ಟು.

ಹಾಫ್ ಶಾಫ್ಟ್ ತುಂಡಾಗಿದ್ದರೆ ಚಕ್ರದ ನಡುವೆ ನೋಡಿ. ಬೋಲ್ಟು ಕೂರಿಸಿದ ದುಂಡನೆಯ ಫ್ಲ್ಯಾಂಜ್ ಉಬ್ಬಿಕೊಂಡಿದ್ದರೆ ಅದು ಫುಲ್ ಫ್ಲೋಟಿಂಗ್. ಗಾಡಿಯ ಭಾರ ಹಾಫ್ ಶಾಫ್ಟಿನ ಮೇಲಿಲ್ಲ. ಶಾಫ್ಟ್ ಎಳೆದು, ತೂತಿಗೆ ಪ್ಲಾಸ್ಟಿಕ್ ಹಾಕಿ ಟೇಪ್ ಸುತ್ತಿ, ಮುಂದಿನ ಚಕ್ರಗಳಲ್ಲಿ ಹೊರಡಬಹುದು. ಸೆಮಿ ಫ್ಲೋಟಿಂಗ್ ಆದರೆ ಚಕ್ರ ಕೂತಿರುವುದೇ ಆ ಶಾಫ್ಟಿನ ಮೇಲೆ. ಜಾಕಿ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಹೊರಕ್ಕೂ ಎಳೆದು ನೋಡಿ. ಆಡುತ್ತಿದ್ದರೆ ಒಂದಡಿಯೂ ಓಡಿಸಬೇಡಿ.

ಉಳಿದ ಎರಡು ಚಕ್ರದಲ್ಲಿ

ಹಿಂದಿನ ಶಾಫ್ಟ್ ತೆಗೆದಿದ್ದರೆ ಟ್ರಾನ್ಸ್‌ಫರ್ ಕೇಸಿನ ಲಿವರ್ ಫೋರ್ ಹೈನಲ್ಲಿರಲಿ (ನಾಲ್ಕೂ ಚಕ್ರಕ್ಕೆ ಬಲ, ಮಾಮೂಲಿ ವೇಗ), ದಾರಿ ಕೆಟ್ಟಿದ್ದರೆ ಫೋರ್ ಲೋ (ವೇಗ ಕಡಿಮೆ, ಬಲ ಹೆಚ್ಚು). ಡಾಂಬರಿನ ಮೇಲೆ ಫೋರ್ ವೀಲ್ ಹಾಕಬಾರದು ಎಂದು ಕಲಿತವರು ಇಲ್ಲಿ ಹಿಂಜರಿಯುತ್ತಾರೆ. ಹೆದರಬೇಡಿ. ತಿರುವಿನಲ್ಲಿ ಮುಂದಿನ, ಹಿಂದಿನ ಆಕ್ಸಲುಗಳು ಬೇರೆ ಬೇರೆ ವೇಗದಲ್ಲಿ ಸುತ್ತಿ ಒಂದನ್ನೊಂದು ತಿರುಚುವುದರಿಂದ ಆ ನಿಯಮ. ಒಂದು ಶಾಫ್ಟೇ ಇಲ್ಲದಿದ್ದಾಗ ತಿರುಚುವುದೆಲ್ಲಿಂದ?

ನಿಜವಾದ ಕಷ್ಟ ಏರಿನಲ್ಲಿ. ಏರುವಾಗ ಭಾರ ಹಿಂದಕ್ಕೆ ವಾಲಿ ಮುಂದಿನ ಚಕ್ರ ಹಗುರಾಗಿ ಸುಮ್ಮನೆ ಸುತ್ತುತ್ತದೆ. ಆಗ ಗಾಡಿ ತಿರುಗಿಸಿ ರಿವರ್ಸಿನಲ್ಲಿ ಹತ್ತಿಸಿ. ಎಳೆಯುವ ಚಕ್ರ ಕೆಳಗಾಗಿ, ಭಾರ ಅದರ ಮೇಲೆ ಬೀಳುತ್ತದೆ. ಹಿಂದೆ ದಾರಿ ತೋರಿಸಲು ಒಬ್ಬರು ಬೇಕೇ ಬೇಕು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಜಾಯಿಂಟೂ ಹೋಗುತ್ತದೆ, ಆಮೇಲೆ ನಡೆದೇ ಹೋಗಬೇಕು. ಡಾಂಬರು ಸಿಕ್ಕ ಮೇಲೂ ಗಂಟೆಗೆ 40 ಕಿ.ಮೀ. ವೇಗ ದಾಟಬೇಡಿ, ಆಗಾಗ ನಿಂತು ಹಬ್ಬು, ಹೌಸಿಂಗ್ ಬಿಸಿಯಾಗಿದೆಯೇ ನೋಡಿ.

ಕ್ಲಚ್ ಕೇಬಲ್ ಕಟ್ಟಾದರೆ ಇನ್ನೊಂದು ಉಪಾಯ: ಫೋರ್ ಲೋ, ಮೊದಲ ಗೇರ್ ಹಾಕಿಯೇ ಸ್ಟಾರ್ಟ್ ಮಾಡಿ. ಗಾಡಿ ತೆವಳುತ್ತ ಹೊರಡುತ್ತದೆ. ನಿಲ್ಲಿಸಬೇಕಾದಾಗ ಬ್ರೇಕ್ ಒತ್ತಿ ಎಂಜಿನ್ ಆರಿಸಿ.

ಎಳೆಸುವುದಾದರೆ

ಮಲೆನಾಡಿನಲ್ಲಿ ತೋಟದ ಟ್ರ್ಯಾಕ್ಟರಿಗಿಂತ ದೊಡ್ಡ ಆಪದ್ಬಾಂಧವ ಇಲ್ಲ. ಹಗ್ಗವನ್ನು ಚಾಸಿಗೆ ಬಿಗಿದ ಕೊಕ್ಕೆಗೇ ಹಾಕಿ. ಟ್ರೇಲರ್ ಕಟ್ಟುವ ದುಂಡನೆಯ ಟೋ ಬಾಲಿಗೆ ಹಾಕಿದರೆ ಅದು ಕಿತ್ತು ಗುಂಡೇಟಿನಂತೆ ಹಾರುತ್ತದೆ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ, ಅದರ ಹತ್ತಿರ ಯಾರೂ ನಿಲ್ಲಬಾರದು. ಹಿಂದಿನ ಗಾಡಿಯಲ್ಲಿ ಲೈಸೆನ್ಸ್ ಇದ್ದವರೇ ಕೂರಬೇಕು, ಎರಡು ಗಾಡಿಗಳ ಅಂತರ 5 ಮೀಟರ್ ಮೀರಬಾರದು. ಕೀ ಆನ್ ಇರಲಿ, ಇಲ್ಲವಾದರೆ ಸ್ಟೇರಿಂಗ್ ಲಾಕ್ ಆಗುತ್ತದೆ. ಎಂಜಿನ್ ಓಡದಿದ್ದರೆ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಿ.

ಡಾಂಬರು ರಸ್ತೆಯಿಂದ ಮುಂದಕ್ಕೆ ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ ಲಾರಿಯೇ ಒಳ್ಳೆಯದು. ಮುಂದಿನೆರಡು ಚಕ್ರ ಎತ್ತಿ ಎಳೆಯುವ ಕ್ರೇನ್ ಬಂದರೆ ಹಿಂದಿನ ಶಾಫ್ಟ್ ಬಿಚ್ಚದೆ ಒಪ್ಪಬೇಡಿ, ಸರಿಯಾಗಿ ಆಯಿಲ್ ಸಿಗದೆ ತಿರುಗುವ ಟ್ರಾನ್ಸ್‌ಫರ್ ಕೇಸ್ ಸುಡುತ್ತದೆ. ವಯನಾಡಿನ ಕಡೆಯಿಂದ ಮೈಸೂರಿಗೆ ತರುವವರು ಗಡಿಯಾರ ನೋಡಿಕೊಳ್ಳಿ: ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ.

ಗ್ಯಾರೇಜಿಗೆ ಬಿಟ್ಟಾಗ ಹೌಸಿಂಗಿನ ಆಯಿಲನ್ನು ನಿಮ್ಮೆದುರೇ ಇಳಿಸಲು ಹೇಳಿ. ಮುರಿದ ಹಾಫ್ ಶಾಫ್ಟಿನ ಚೂರು ಒಳಗುಳಿದರೆ ಹೊಸ ಶಾಫ್ಟಿನ ಜೊತೆಗೆ ಕ್ರೌನ್ ಪಿನಿಯನ್ನನ್ನೂ ತಿನ್ನುತ್ತದೆ. ಮ್ಯಾಗ್ನೆಟ್ ಹಾಕಿ ಎಲ್ಲ ಚೂರು ತೆಗೆಸಿ, ಮುರಿದ ತುದಿಗಳನ್ನು ಜೋಡಿಸಿ ಪೂರ್ತಿ ಬಂದಿದೆಯೇ ನೋಡಿ, ಆಮೇಲೆ ಹೊಸ ಆಯಿಲ್.