ಅಂಗಳದ ಮಾವಿಗೆ ಕಾಂಡಕೊರಕ ಬಂದಾಗ

ಶಿವಮೊಗ್ಗದ ಹಳೇ ಬಡಾವಣೆಯೊಂದರಲ್ಲಿ ಇಡೀ ಮನೆಗೆ ನೆರಳಾಗಿದ್ದ ಮಾವಿನ ಮರ ಒಂದೇ ಬದಿಯಿಂದ ಒಣಗುತ್ತಿತ್ತು. ಆ ಬದಿಯ ತುದಿಗಳೆಲ್ಲ ಬೋಳು, ಎಲೆ ಸಣ್ಣಗಾಗಿ ಹಳದಿಗೆ ತಿರುಗಿತ್ತು, ಬುಡದಲ್ಲಿ ಮರದ ಹೊಟ್ಟು ಬಿದ್ದಿತ್ತು. "ಹುಳ ಹಿಡಿದಿದೆ ಕಣಪ್ಪಾ, ಏನಾದ್ರೂ ಹೊಡಿ" ಅಂದರು ಮನೆಯ ಅಜ್ಜಿ, ಮರ ನೋಡಲು ಹೋದ ನನಗೆ.

ಹುಳ ಇದ್ದದ್ದು ನಿಜ. ಆದರೆ ಒಂದೇ ಬದಿ ಯಾಕೆ? ಆ ಕಡೆಗೇ ಕಾರು ನಿಲ್ಲಿಸಲೆಂದು ಬುಡದವರೆಗೂ ಕಾಂಕ್ರೀಟ್ ಬಳಿದಿದ್ದರು. "ಅದು ಹಾಕಿ ಎಷ್ಟೋ ವರ್ಷ ಆಯ್ತಲ್ಲ, ಈಗ ಯಾಕೆ ಒಣಗುತ್ತೆ?" ಎಂದು ಮಗ ವಾದಕ್ಕೆ ನಿಂತರು. ಎಲ್ಲರೂ ಕೇಳುವ ಪ್ರಶ್ನೆಯೇ. ಆಹಾರ ಹೀರುವ ಬೇರು ಹೆಚ್ಚಾಗಿ ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತದೆ. ಅಲ್ಲಿಗೆ ಗಾಳಿ, ನೀರು ನಿಂತರೂ ದೊಡ್ಡ ಮರ ಕೂಡಿಟ್ಟದ್ದರಲ್ಲೇ ವರ್ಷಗಟ್ಟಲೆ ದಿನ ದೂಡುತ್ತದೆ. ಸೊರಗಿದ ಮರಕ್ಕೆ ಕಾಂಡಕೊರಕ ಬೇಗ ಹತ್ತುತ್ತದೆ.

ಹುಳ ಕಾಂಡದೊಳಗೆ ಇರುವಾಗ ಎಲೆಗೆ ಔಷಧಿ ಹೊಡೆದರೆ ದುಡ್ಡು ದಂಡ. ಸಂಜೆ ಬುಡ ಗುಡಿಸಿಡಲು ಹೇಳಿದೆ. ಬೆಳಿಗ್ಗೆ ಹೊಸ ಹೊಟ್ಟು ಎಲ್ಲಿ ಬಿದ್ದಿತ್ತೋ ಅದರ ನೇರಕ್ಕೆ ಮೇಲೆ ನೋಡಿದರೆ ಹುಳ ಇನ್ನೂ ಒಳಗಿರುವ ತೂತು ಸಿಕ್ಕಿತು, ಬಾಯಲ್ಲಿ ಅಂಟು ಒಸರುತ್ತಿತ್ತು. ಸಡಿಲ ತೊಗಟೆ ಕೆತ್ತಿ, ಸೈಕಲ್ ಕಡ್ಡಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಒಳಗೆ ತೂರಿಸಿದೆ. ಮೆತ್ತಗೆ ತಾಗಿದ್ದನ್ನು ತಿರುವಿ ಎಳೆದಾಗ ಬಂತು: ಬೆರಳು ಗಾತ್ರದ, ಬೆಣ್ಣೆ ಬಣ್ಣದ, ಕಾಲಿಲ್ಲದ ಹುಳು, ದವಡೆ ಮಾತ್ರ ಕಪ್ಪು. ಅಜ್ಜಿ ಕೋಳಿಗೆ ಎಸೆದರು. ಮೊದಲೆಲ್ಲ ಡೈಕ್ಲೋರ್ವಾಸ್ ಎಂಬ ಕೀಟನಾಶಕದಲ್ಲಿ ಅದ್ದಿದ ಹತ್ತಿ ತುರುಕುತ್ತಿದ್ದೆವು. 2020ರ ಕೊನೆಯಿಂದ ಅದು ನಿಷೇಧ. ಮನೆಯಂಗಳದಲ್ಲಿ ನನಗೆ ಕೊಕ್ಕೆಯೇ ವಾಸಿ.

ಕೆತ್ತಿದ ಜಾಗಕ್ಕೆ ಶಿಲೀಂಧ್ರ ಹತ್ತದಂತೆ ಬೋರ್ಡೊ ಮುಲಾಮು. 100 ಗ್ರಾಂ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಲ್ಲಿ ಕರಗಿಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೂಡಿಸಿದೆ. ಉಜ್ಜಿದ ಕಬ್ಬಿಣದ ಚೂರಿ ಅದ್ದಿ ನೋಡಬೇಕು. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು. ಕಾಂಡದ ಪೊಟರೆಗೆ ಸಿಮೆಂಟ್ ತುಂಬಿ ಅಂದರು ಮನೆಯವರು, ನಾನು ಒಪ್ಪಲಿಲ್ಲ. ಒಳಗೆ ತೇವ ನಿಂತು ಕೊಳೆಯುತ್ತದೆ.

ಒಣಕೊಂಬೆ ಕಡಿಸಿದ್ದು, ಬಂದಳಿಕೆ (ಮರದ ರಸ ಹೀರುವ ಪರಾವಲಂಬಿ ಗಿಡ) ಹತ್ತಿದ ರೆಂಬೆಯನ್ನು ಅದು ಅಂಟಿದ ಜಾಗಕ್ಕಿಂತ ಒಂದಡಿ ಕೆಳಗೆ ಕತ್ತರಿಸಿದ್ದು ಸುಲಭದ ಕೆಲಸ. ಕಷ್ಟವಾದದ್ದು ಮಗನನ್ನು ಒಪ್ಪಿಸಿ ಕಾಂಕ್ರೀಟ್ ಒಡೆಸುವುದು. ಬೇರಿಗೆ ಏಟು ಬೀಳದಂತೆ ಹಾರೆಯಿಂದ ಎಬ್ಬಿಸಿ, ಗೊಬ್ಬರ ಹರಡಿ, ಮೇಲೆ ತರಗೆಲೆ ಹೊದಿಸಿದೆವು. ತರಗು ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟೆ.

ಮುಂದಿನ ಮಳೆಗಾಲ ಕಳೆದ ಮೇಲೆ ಆ ಬದಿಯ ನಡುಕೊಂಬೆಗಳಲ್ಲಿ ಚಿಗುರು ಬಂತು. ಸತ್ತ ತುದಿಗಳು ಸತ್ತಂತೆಯೇ ಇವೆ, ಅವು ಬರುವುದಿಲ್ಲ. ಮಳೆ ಹಿಡಿದ ಕೂಡಲೇ ಅಜ್ಜಿ ಈಗ ಟಾರ್ಚ್ ಹಿಡಿದು ಕಾಂಡ ನೋಡುತ್ತಾರೆ: ಆ ಹುಳುವೇ ಬೆಳೆದು ಆಗುವ ಉದ್ದ ಮೀಸೆಯ ಬೂದು ದುಂಬಿ, ಕತ್ತಿನ ಮೇಲೆ ಎರಡು ಕಿತ್ತಳೆ ಮಚ್ಚೆ. ಮೊಟ್ಟೆ ಇಡುವ ಮೊದಲೇ ಸಿಕ್ಕರೆ ಚಪ್ಪಲಿಯೇ ಸಾಕು.